ಉಪ್ಪು ನೀರಿನ ಅಕ್ವೇರಿಯಂ ಇಡುವ ಆಸೆಯೇ? ಮೀನು ತರುವ ಮೊದಲು ಇಷ್ಟು ತಿಳ್ಕೊಳ್ಳಿ

ಗಲ್ಫ್‌ನಲ್ಲಿ ಕುಟುಂಬ ಸಮೇತ ಇರುವವರಿಗೆ ಇದು ಹೊಸ ದೃಶ್ಯವೇನಲ್ಲ. ರಜೆ ದಿನ ಮಕ್ಕಳನ್ನು ದುಬೈ ಮಾಲ್‌ಗೆ ಕರ್ಕೊಂಡು ಹೋಗಿರ್ತಾರೆ. ಅಲ್ಲಿ 1 ಕೋಟಿ ಲೀಟರ್ ನೀರು ತುಂಬಿದ ದೊಡ್ಡ ಅಕ್ವೇರಿಯಂ ಎದುರು ಮಗು ಅರ್ಧ ಗಂಟೆ ಕದಲದೆ ನಿಂತಿರುತ್ತೆ. ವಾಪಸ್ ಬರುವಾಗ ದಾರಿಯಲ್ಲಿ ಸಾಕುಪ್ರಾಣಿ ಅಂಗಡಿ. ಗಾಜಿನೊಳಗೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಮೀನು. ‘ಅಪ್ಪಾ, ನೀಮೋ!’ ಅಂತ ಮಗು ಕೈ ಎಳೆಯುತ್ತೆ. ಅಂಗಡಿಯವ ನಗುತ್ತಾ, ‘ಭಾಯ್, ಪೂರಾ ಸೆಟ್ ಆಜ್ ಹೀ ಲೇ ಜಾವೋ’ ಅಂತಾನೆ. ಟ್ಯಾಂಕ್, ಉಪ್ಪು, ಕಲ್ಲು, ಲೈಟ್, ಮೀನು ಎಲ್ಲಾ ಒಂದೇ ಸಂಜೆ ಮನೆಗೆ ಬರುತ್ತೆ.

ಹತ್ತು ದಿನದಲ್ಲಿ ಮೀನು ಸತ್ತಿರುತ್ತೆ. ಮಗು ಅಳುತ್ತೆ. ಇನ್ನೊಂದು ಜೋಡಿ ತರ್ತಾರೆ, ಅದೂ ಹೋಗುತ್ತೆ. ಮೂರು ತಿಂಗಳಲ್ಲಿ ಆ ಟ್ಯಾಂಕ್ ‘ಮಾರಾಟಕ್ಕಿದೆ’ ಅಂತ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತಾಡ್ತಾ ಇರುತ್ತೆ, ಅದೂ ಅರ್ಧ ಬೆಲೆಗೆ. ಹೋಗಿದ್ದು ದುಡಿದ ದುಡ್ಡು. ಜೊತೆಗೆ ಸಾವಿರಾರು ಕಿಲೋಮೀಟರ್ ದೂರದ ಹವಳದ ದಿಬ್ಬಗಳಿಂದ ವಿಮಾನದಲ್ಲಿ ಬಂದ ಜೀವಗಳು.

ಮಂಗಳೂರು, ಉಡುಪಿ, ಭಟ್ಕಳ, ಕಾರವಾರ ಕಡೆಯವರಿಗೆ ಸಮುದ್ರ ಹೊಸದಲ್ಲ. ಬಂಗುಡೆ, ಅಂಜಲ್ ತಾಜಾ ಇದೆಯಾ ಇಲ್ವಾ ಅಂತ ಕಿವಿರು ನೋಡಿ ಹೇಳುವವರು ನಾವು. ಆದರೆ ಸಮುದ್ರದ ಮೀನನ್ನು ಬಾಣಲೆಗೆ ಹಾಕುವ ವಿದ್ಯೆ ಬೇರೆ, ಬದುಕಿಸಿಡುವ ವಿದ್ಯೆ ಬೇರೆ. ಎರಡನೆಯದು ಕಷ್ಟವೇನಲ್ಲ, ತಾಳ್ಮೆ ಮತ್ತು ಒಂದಿಷ್ಟು ಲೆಕ್ಕಾಚಾರ ಇದ್ದರೆ ಸಾಕು. ಅದೂ ನಾವಿರುವ ಈ ಬಿಸಿಲ ನಾಡಿನ ಲೆಕ್ಕಾಚಾರ.

ಮೊದಲು ನಿಮಗೆ ನೀವೇ ಕೇಳಿಕೊಳ್ಳಿ

ನೀಮೋ ಅಂತ ಮಕ್ಕಳು ಕರೆಯುವ ಕ್ಲೌನ್‌ಫಿಶ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತೆ. ನಮ್ಮಲ್ಲಿ ಹೆಚ್ಚಿನವರ ವೀಸಾ ಅವಧಿ ಎರಡೋ ಮೂರೋ ವರ್ಷ. ಆದ್ದರಿಂದ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ, ಕಾಲದ್ದು. ಇದೇ ಮನೆಯಲ್ಲಿ ಕನಿಷ್ಠ ಒಂದೆರಡು ವರ್ಷ ಇರ್ತೀರಾ? ಜುಲೈ-ಆಗಸ್ಟ್‌ನಲ್ಲಿ ಎಲ್ಲರೂ ಊರಿಗೆ ಹೋದಾಗ ಯಾರು ನೋಡ್ಕೊಳ್ತಾರೆ? ಮನೆ ಮಾಲೀಕರ ಒಪ್ಪಿಗೆ ಇದೆಯಾ? ಬೆಡ್‌ಸ್ಪೇಸ್‌ನಲ್ಲಿ, ಕ್ಯಾಂಪ್‌ನಲ್ಲಿ, ಹಂಚಿಕೊಂಡ ವಿಲ್ಲಾದಲ್ಲಿ ಇರುವವರು ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಎಸಿ ಸ್ವಿಚ್ ಯಾರ ಕೈಯಲ್ಲಿದೆ? ಅದು ನಿಮ್ಮ ಕೈಯಲ್ಲಿ ಇಲ್ಲಾಂದ್ರೆ ಉಪ್ಪು ನೀರಿನ ಮೀನು ಸದ್ಯಕ್ಕೆ ಬೇಡ. ಆಸೆ ತಡೆಯೋಕಾಗಲ್ಲ ಅನ್ನುವವರು ಸಿಹಿನೀರಿನ ಸಣ್ಣ ಟ್ಯಾಂಕ್‌ನಿಂದ ಶುರು ಮಾಡಬಹುದು.

ಟ್ಯಾಂಕ್ ಚಿಕ್ಕದಾದಷ್ಟೂ ಕಷ್ಟ ಜಾಸ್ತಿ

ಹೊಸಬರು ‘ಮೊದಲು ಚಿಕ್ಕದರಲ್ಲಿ ಕಲಿಯೋಣ’ ಅಂದ್ಕೊಳ್ತಾರೆ. ಇಲ್ಲಿ ಅದು ಉಲ್ಟಾ. 20 ಲೀಟರ್ ಟ್ಯಾಂಕ್‌ನಲ್ಲಿ ಒಂದು ಚಮಚ ಆಹಾರ ಹೆಚ್ಚಾದರೂ ನೀರು ಕೆಡುತ್ತೆ, ಎರಡು ಲೀಟರ್ ಆವಿಯಾದರೂ ಉಪ್ಪಿನಂಶ ಏರುತ್ತೆ. ನೀರು ಜಾಸ್ತಿ ಇದ್ದಷ್ಟೂ ಬದಲಾವಣೆ ನಿಧಾನ, ತಪ್ಪು ತಿದ್ದಿಕೊಳ್ಳಲು ಸಮಯವೂ ಜಾಸ್ತಿ.

ಮೊದಲ ಬಾರಿಗೆ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಒಳ್ಳೆಯ ಅಳತೆ. ಅಂಚಿನವರೆಗೆ ಸುಮಾರು 120 ಲೀಟರ್ ಹಿಡಿಯುತ್ತೆ. ಕಲ್ಲು, ಮರಳು ಹಾಕಿದ ಮೇಲೆ ನಿಜವಾದ ನೀರು ಸುಮಾರು 100 ಲೀಟರ್. ಲೆಕ್ಕವೂ ಸುಲಭ.

ತೂಕ ಮರೀಬೇಡಿ. ಸಮುದ್ರದ ನೀರು ಲೀಟರ್‌ಗೆ 1 ಕಿಲೋ 25 ಗ್ರಾಂ ಆಸುಪಾಸು ತೂಗುತ್ತೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲಾ ಸೇರಿದರೆ ಹತ್ತಿರ ಹತ್ತಿರ 200 ಕಿಲೋ. ಅಂದ್ರೆ ನಾಲ್ಕು ಮೂಟೆ ಸಿಮೆಂಟ್. ಟಿವಿ ಇಡುವ ಟೇಬಲ್ ಮೇಲೆ, ಬಿಡಿ ಜೋಡಿಸಿದ ಕಪಾಟಿನ ಮೇಲೆ ಇಡೋ ವಸ್ತು ಅಲ್ಲ ಇದು. ಅಕ್ವೇರಿಯಂಗೆಂದೇ ಮಾಡಿದ ಸ್ಟ್ಯಾಂಡ್ ತಗೊಳ್ಳಿ. ಗೋಡೆಗೆ ಹತ್ತಿರ ಇಡಿ, ಮಟ್ಟಗೋಲು ಇಟ್ಟು ನೋಡಿ. ಬುಡಕ್ಕೆ ಅಂಚುಪಟ್ಟಿ ಇಲ್ಲದ ಬರಿ ಗಾಜಿನ ಟ್ಯಾಂಕ್ ಆದರೆ ಕೆಳಗೆ ಫೋಮ್ ಶೀಟ್ ಹಾಕಿ. ಕಿಟಕಿ ಬಿಸಿಲು ನೇರ ಬೀಳುವ ಜಾಗ, ಎಸಿ ಗಾಳಿ ನೇರ ಹೊಡೆಯುವ ಜಾಗ ಎರಡೂ ಬೇಡ.

ನಲ್ಲಿ ನೀರೂ ಬೇಡ, ಕಡಲ ನೀರೂ ಬೇಡ

ಗಲ್ಫ್‌ನ ನಲ್ಲಿಯಲ್ಲಿ ಬರೋದು ಹೆಚ್ಚಾಗಿ ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಮಾಡಿದ ನೀರು. ಹಾಗಂತ ಅದು ಅಕ್ವೇರಿಯಂಗೆ ಶುದ್ಧ ಅಂತಲ್ಲ. ಅದಕ್ಕೆ ಕ್ಲೋರಿನ್ ಸೇರಿಸಿರ್ತಾರೆ, ಖನಿಜ ಸೇರಿಸಿರ್ತಾರೆ. ಕಟ್ಟಡದ ಟ್ಯಾಂಕ್, ಪೈಪ್‌ಗಳ ಮೂಲಕ ಬರುವಾಗ ಲೋಹದ ಅಂಶವೂ ಸೇರಬಹುದು. ತಾಮ್ರ ಒಂದು ಚೂರು ಇದ್ದರೂ ಸಿಗಡಿ, ಶಂಖದ ಹುಳು, ಹವಳಕ್ಕೆ ವಿಷ.

ಬೇಕಾದದ್ದು ಆರ್‌ಒ-ಡಿಐ ನೀರು. ಆರ್‌ಒ ಪೊರೆ ಹೆಚ್ಚಿನ ಕಲ್ಮಶ ತಡೆಯುತ್ತೆ, ನಂತರದ ಡಿಐ ರಾಳ ಉಳಿದದ್ದನ್ನು ಹೀರುತ್ತೆ. ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಕುಡಿಯುವ ನೀರಿನ ದೊಡ್ಡ ಬಾಟಲಿ ಬಳಸಬಹುದಾ ಅಂತ ಕೇಳುವವರಿದ್ದಾರೆ. ಅದರಲ್ಲಿ ರುಚಿಗಾಗಿ ಖನಿಜ ಸೇರಿಸಿರ್ತಾರೆ, ಅದು ಸೊನ್ನೆ ಅಲ್ಲ. ಮಶೀನ್ ಕೊಳ್ಳೋಕೆ ಆಗದವರು ಅಕ್ವೇರಿಯಂ ಅಂಗಡಿಗಳಲ್ಲೇ ಆರ್‌ಒ-ಡಿಐ ನೀರು ಸಿಗುತ್ತಾ ಅಂತ ವಿಚಾರಿಸಿ, ಮೀಟರ್ ಹಾಕಿ ನೋಡಿಯೇ ತನ್ನಿ.

‘ಮನೆಯಿಂದ ಹತ್ತು ನಿಮಿಷಕ್ಕೆ ಕಾರ್ನಿಷ್, ಅಲ್ಲಿಂದ ಕ್ಯಾನ್ ತುಂಬಿಸ್ಕೊಂಡು ಬಂದ್ರೆ ಆಯ್ತಲ್ಲ?’ ಆಗಲ್ಲ. ತೆರೆದ ಸಾಗರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಭಾಗ ಉಪ್ಪು. ಗಲ್ಫ್ ಕೊಲ್ಲಿ ಕಡಿಮೆ ಆಳದ್ದು, ಬಿಸಿಲಿಗೆ ನೀರು ಆವಿಯಾಗೋದು ಜಾಸ್ತಿ, ಬಂದು ಸೇರುವ ಸಿಹಿನೀರು ಕಡಿಮೆ. ಹಾಗಾಗಿ ಇಲ್ಲಿ 40 ದಾಟುತ್ತೆ. ಅದರ ಮೇಲೆ ದಡದ ಹತ್ತಿರ ಬೋಟಿನ ಎಣ್ಣೆ, ಚರಂಡಿ ನೀರು, ಪಾಚಿ. 2008-09ರಲ್ಲಿ ಯುಎಇ, ಒಮಾನ್ ತೀರಕ್ಕೆ ಬಂದ ಕೆಂಪು ಅಲೆ, ಅಂದ್ರೆ ಸೂಕ್ಷ್ಮ ಪಾಚಿಯ ಹಾವಳಿ, ರಾಶಿ ರಾಶಿ ಮೀನು ಕೊಂದಿತ್ತು. ಉಪ್ಪು ತೆಗೆಯುವ ಸ್ಥಾವರಗಳನ್ನೇ ಕೆಲವು ಕಡೆ ನಿಲ್ಲಿಸಬೇಕಾಯ್ತು. ಅಂಥ ನೀರು ಮನೆಯೊಳಗೆ ಬೇಡ.

ಉಪ್ಪು ಅಂದ್ರೆ ಅಡುಗೆ ಉಪ್ಪಲ್ಲ

ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಷಿಯಂ, ಪೊಟ್ಯಾಷಿಯಂ ಸೇರಿ ಹತ್ತಾರು ಅಂಶಗಳಿವೆ. ಅದಕ್ಕಾಗಿಯೇ ಅಕ್ವೇರಿಯಂ ಸಮುದ್ರ ಉಪ್ಪು ಅಂತ ಬಕೆಟ್‌ಗಳಲ್ಲಿ ಬರುತ್ತೆ. ಲೀಟರ್‌ಗೆ 35ರಿಂದ 40 ಗ್ರಾಂ ಒಳಗೆ, ಬ್ರಾಂಡ್ ನೋಡಿ ಸ್ವಲ್ಪ ಹೆಚ್ಚು ಕಡಿಮೆ. 100 ಲೀಟರ್‌ಗೆ ಸುಮಾರು ಮೂರೂವರೆಯಿಂದ ನಾಲ್ಕು ಕಿಲೋ.

ಶುದ್ಧ ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಸುರಿಯಬಾರದು. ಆಹಾರಕ್ಕೆ ಬಳಸುವಂಥ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಸಣ್ಣ ಪಂಪ್ ಬಿಟ್ಟು ಒಂದು ದಿನ ತಿರುಗಲು ಬಿಡಿ. ಆಮೇಲೆ ಅಳೆಯಿರಿ. ಅಳೆಯಲು ರಿಫ್ರ್ಯಾಕ್ಟೋಮೀಟರ್ ಬೇಕು. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಸಂಖ್ಯೆ ಕಾಣುತ್ತೆ. 35, ಅಥವಾ ಸಾಂದ್ರತೆಯ ಲೆಕ್ಕದಲ್ಲಿ 1.025ರಿಂದ 1.026 ಇರಬೇಕು. ಅದನ್ನು 35ರ ಮಾಪನ ದ್ರವದಲ್ಲಿ ಆಗಾಗ ಸರಿಹೊಂದಿಸಿಕೊಳ್ಳಿ. ತಪ್ಪು ತೋರಿಸುವ ತಕ್ಕಡಿ ಇಟ್ಕೊಂಡು ವ್ಯಾಪಾರ ಮಾಡಿದರೆ ನಷ್ಟ ಗ್ಯಾರಂಟಿ.

ಸಾರು ಬತ್ತಿದ ಲೆಕ್ಕ

ಹೊಸಬರು ಮಾಡುವ ದೊಡ್ಡ ತಪ್ಪು ಇದು. ಟ್ಯಾಂಕಿನ ನೀರು ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಆಗುತ್ತೆ. ಎಸಿ ಗಾಳಿ ಒಣ ಗಾಳಿ, ಹಾಗಾಗಿ ಇಲ್ಲಿ ಆವಿಯಾಗೋದು ಇನ್ನೂ ಜಾಸ್ತಿ. ಕಡಿಮೆಯಾದ ಜಾಗಕ್ಕೆ ಉಪ್ಪು ನೀರು ಹಾಕಿಬಿಡ್ತಾರೆ.

ಒಲೆ ಮೇಲೆ ಸಾರು ಬತ್ತಿದರೆ ಏನಾಗುತ್ತೆ? ನೀರು ಹೋಗುತ್ತೆ, ಉಪ್ಪು ಪಾತ್ರೆಯಲ್ಲೇ ಇರುತ್ತೆ. ಸಾರು ಉಪ್ಪುಪ್ಪಾಗುತ್ತೆ. ಅದಕ್ಕೆ ಬಿಸಿನೀರು ಸೇರಿಸ್ತಾರೆ, ಮತ್ತೆ ಉಪ್ಪು ಹಾಕಲ್ಲ. ಇಲ್ಲೂ ಅಷ್ಟೇ. 100 ಲೀಟರ್‌ನಲ್ಲಿ ಮೂರೂವರೆ ಕಿಲೋ ಉಪ್ಪು ಇದೆ ಅಂದ್ಕೊಳ್ಳಿ. 10 ಲೀಟರ್ ಆವಿಯಾದರೆ ಅದೇ ಉಪ್ಪು 90 ಲೀಟರ್‌ನಲ್ಲಿ ಉಳಿಯುತ್ತೆ, 35 ಇದ್ದದ್ದು ಸುಮಾರು 39 ಆಗುತ್ತೆ. ಆಗ 10 ಲೀಟರ್ ಉಪ್ಪು ನೀರೇ ಹಾಕಿದರೆ ಮಟ್ಟ ಸರಿಹೋದಂತೆ ಕಾಣುತ್ತೆ, ಆದರೆ ಉಪ್ಪು 38ರ ಮೇಲೆಯೇ ನಿಲ್ಲುತ್ತೆ. ಹೀಗೆ ನಾಲ್ಕು ವಾರ ಮಾಡಿದರೆ ಯಾವ ಮೀನೂ ತಡೆಯಲ್ಲ.

ಆದ್ದರಿಂದ ನಿಯಮ ಒಂದೇ: ಆವಿಯಾದದ್ದಕ್ಕೆ ಸಿಹಿಯಾದ ಆರ್‌ಒ-ಡಿಐ ನೀರು, ನೀವೇ ತೆಗೆದು ಬದಲಾಯಿಸುವಾಗ ಮಾತ್ರ ಉಪ್ಪು ನೀರು. ಗಾಜಿನ ಮೇಲೆ ಟೇಪಿನಿಂದ ಒಂದು ಗೆರೆ ಹಾಕಿ, ದಿನಾ ಆ ಗೆರೆವರೆಗೆ ತುಂಬಿಸಿ. ಮಟ್ಟ ಇಳಿದ ಕೂಡಲೇ ತಾನೇ ನೀರು ತುಂಬುವ ಆಟೋ ಟಾಪ್-ಆಫ್ ಯಂತ್ರ ಇದ್ದರೆ ಗಲ್ಫ್‌ನಲ್ಲಿ ಅದು ಷೋಕಿ ಅಲ್ಲ, ಅಗತ್ಯ.

ಏನೇನು ಸಾಮಾನು ಬೇಕು?

ಕಲ್ಲು: ಹವಳ ಪ್ರದೇಶದ ರಂಧ್ರಗಳಿರುವ ಕಲ್ಲು ಅಥವಾ ಅದೇ ರೀತಿ ತಯಾರಿಸಿದ ಒಣ ಕಲ್ಲು, 100 ಲೀಟರ್‌ಗೆ ಸುಮಾರು 10 ಕಿಲೋ. ಇದು ಅಲಂಕಾರಕ್ಕಲ್ಲ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಇದರ ರಂಧ್ರಗಳಲ್ಲಿ ಮನೆ ಮಾಡುತ್ತವೆ. ಕಲ್ಲನ್ನು ಮರಳಿನ ಮೇಲಲ್ಲ, ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಬೀಚ್ ಮರಳು ಬೇಡ, ಅಂಗಡಿಯ ಅರಗೊನೈಟ್ ಮರಳು ತನ್ನಿ.

ವೇವ್‌ಮೇಕರ್: ನೀರು ಸದಾ ಓಡಾಡ್ತಾ ಇರಬೇಕು. ಗಂಟೆಗೆ ಟ್ಯಾಂಕಿನ ನೀರಿನ 10ರಿಂದ 20 ಪಟ್ಟು ಹರಿವು ಇರಲಿ. ನಮ್ಮ 100 ಲೀಟರ್‌ಗೆ 1,000ದಿಂದ 2,000 ಲೀಟರ್ ಪಂಪ್.

ಪ್ರೋಟೀನ್ ಸ್ಕಿಮ್ಮರ್: ಸಣ್ಣ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ನೀರಿನಲ್ಲಿರುವ ಜಿಡ್ಡು ಕೊಳೆಯನ್ನು ನೊರೆಯ ಜೊತೆ ಮೇಲಿನ ಕಪ್‌ಗೆ ತಳ್ಳುವ ಉಪಕರಣ. ಬೇಳೆ ಬೇಯುವಾಗ ಮೇಲೆ ಬರುವ ನೊರೆಯನ್ನು ಸೌಟಿನಲ್ಲಿ ತೆಗೆದಂತೆ. ಸಿಹಿನೀರಿನಲ್ಲಿ ಇದು ಕೆಲಸ ಮಾಡಲ್ಲ, ಉಪ್ಪು ನೀರಿನಲ್ಲಿ ಚೆನ್ನಾಗಿ ಮಾಡುತ್ತೆ. 100 ಲೀಟರ್ ಟ್ಯಾಂಕನ್ನು ವಾರಾ ವಾರಾ ನೀರು ಬದಲಿಸಿ ಸ್ಕಿಮ್ಮರ್ ಇಲ್ಲದೆಯೂ ನಡೆಸಬಹುದು, ಇದ್ದರೆ ತಪ್ಪಿಗೆ ಅವಕಾಶ ಸಿಗುತ್ತೆ.

ಲೈಟ್: ಬರೀ ಮೀನಿಗೆ ಸಾಧಾರಣ ಎಲ್‌ಇಡಿ ಸಾಕು, ದಿನಕ್ಕೆ ಎಂಟು ಗಂಟೆ, ಟೈಮರ್ ಹಾಕಿ. ದುಬಾರಿ ಲೈಟ್ ಬೇಕಾಗೋದು ಹವಳ ಸಾಕುವವರಿಗೆ. ಮೊದಲ ವರ್ಷ ಹವಳ ಬೇಡ ಅಂದುಕೊಂಡರೆ ದೊಡ್ಡ ಖರ್ಚು ಉಳಿಯುತ್ತೆ.

ಟೆಸ್ಟ್ ಕಿಟ್: ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್. ಕೈಬಿಡಲೇಬಾರದ ಖರ್ಚು ಇದು.

ಮುಚ್ಚಳ: ಉಪ್ಪು ನೀರಿನ ಹಲವು ಮೀನುಗಳು ಹಾರುತ್ತವೆ. ಬೆಳಿಗ್ಗೆ ಎದ್ದಾಗ ಕಾರ್ಪೆಟ್ ಮೇಲೆ ಒಣಗಿದ ಮೀನು ಸಿಗಬಾರದು ಅಂದ್ರೆ ಸಣ್ಣ ಬಲೆಯ ಮುಚ್ಚಳ ಇರಲಿ.

ಬಿಸಿಯೇ ನಿಜವಾದ ಶತ್ರು

ಮೀನಿಗೆ ಬೇಕಾದದ್ದು 24ರಿಂದ 27 ಡಿಗ್ರಿ. ಗಲ್ಫ್ ಕೊಲ್ಲಿಯ ಹವಳಗಳು ಬೇಸಿಗೆಯಲ್ಲಿ 34-35 ಡಿಗ್ರಿಯನ್ನೂ ತಾಳಿಕೊಳ್ಳುತ್ತವೆ, ಜಗತ್ತಿನ ಬೇರೆ ಕಡೆಯ ಹವಳಕ್ಕೆ ಅದು ಸಾಧ್ಯವಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಮೀನುಗಳು ಹೆಚ್ಚಾಗಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಶ್ರೀಲಂಕಾ ಕಡೆಯವು, ಇಲ್ಲಾ ಸಾಕಣೆ ಕೇಂದ್ರದಲ್ಲಿ ಹುಟ್ಟಿದವು. ಅವಕ್ಕೆ ಈ ಬಿಸಿ ಅಭ್ಯಾಸ ಇಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಜಾಸ್ತಿ. ಉಸಿರು ಕಟ್ಟಿಯೇ ಸಾಯುತ್ತವೆ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದಾಗ ಬಿಲ್ ಉಳಿಸಲು ಎಸಿ ಆಫ್ ಮಾಡುವ ಅಭ್ಯಾಸ ಇರುವ ಮನೆಗಳಿವೆ. ಟ್ಯಾಂಕ್ ಬಂದ ಮೇಲೆ ಅದು ಆಗಲ್ಲ. ಎರಡು ದಾರಿ: ಆ ಕೋಣೆಯ ಎಸಿಯನ್ನು 25-26 ಡಿಗ್ರಿಗೆ ಇಟ್ಟು ಸದಾ ಚಾಲೂ ಇಡೋದು, ಇಲ್ಲಾ ಅಕ್ವೇರಿಯಂ ಚಿಲ್ಲರ್ ಹಾಕೋದು. ಬಾಡಿಗೆ ಜಾಹೀರಾತಿನಲ್ಲಿ ಬರುವ ‘ಚಿಲ್ಲರ್ ಫ್ರೀ’ ಬೇರೆ, ಈ ಚಿಲ್ಲರ್ ಬೇರೆ. ಇದು ಸಣ್ಣ ಫ್ರಿಜ್ ಇದ್ದಂತೆ, ನೀರಿನ ಬಿಸಿಯನ್ನು ತೆಗೆದು ಕೋಣೆಗೆ ಬಿಡುತ್ತೆ. ಆದ್ದರಿಂದ ಮುಚ್ಚಿದ ಕಪಾಟಿನೊಳಗೆ ಇಟ್ಟರೆ ಪ್ರಯೋಜನ ಇಲ್ಲ, ಗಾಳಿ ಆಡಬೇಕು. ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಸಬಹುದು, ಆದರೆ ಆವಿಯಾಗೋದು ಹೆಚ್ಚುತ್ತೆ. ಸಾರು ಬತ್ತಿದ ಲೆಕ್ಕ ಮತ್ತೆ ನೆನಪಿರಲಿ.

ಹೀಟರ್ ಬೇಕಾ ಅಂತ ನಗಬೇಡಿ. ರಿಯಾದ್, ಕುವೈತ್‌ನ ಡಿಸೆಂಬರ್-ಜನವರಿ ರಾತ್ರಿ ಅನುಭವಿಸಿದವರಿಗೆ ಗೊತ್ತು. ಎಸಿ ಹೆಚ್ಚು ಹಾಕುವ ಮನೆಯಲ್ಲೂ ನೀರು ತಣ್ಣಗಾಗುತ್ತೆ. 100 ಲೀಟರ್‌ಗೆ 100 ವ್ಯಾಟ್ ಸಾಕು.

ಕರೆಂಟು ಮತ್ತು ಉಪ್ಪು ನೀರು

ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತೆ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಜಾರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತೆ, ಪ್ಲಗ್‌ಗೆ ಹೋಗಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡ, ಗೋಡೆಗೆ ಎತ್ತರದಲ್ಲಿ ಹಾಕಿ. ಭೂ-ಸೋರಿಕೆ ಆದರೆ ತಾನೇ ಬೀಳುವ ಇಎಲ್‌ಸಿಬಿ ನಿಮ್ಮ ಡಿಬಿ ಬಾಕ್ಸ್‌ನಲ್ಲಿ ಇದೆಯಾ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತಾ ನೋಡಿ. ಟ್ಯಾಂಕಿಗೆ ಕೈ ಹಾಕುವ ಮೊದಲು ಹೀಟರ್, ಪಂಪ್ ಆಫ್ ಮಾಡಿ.

ಸೌದಿಗೆ ವರ್ಗವಾಗುವವರು ಇನ್ನೊಂದು ಗಮನಿಸಿ. ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್‌ನಲ್ಲಿ ಕರೆಂಟು 50 ಹರ್ಟ್ಸ್, ಸೌದಿಯಲ್ಲಿ 60. ನೇರ ಎಸಿ ಕರೆಂಟಿನಲ್ಲಿ ಓಡುವ ಪಂಪ್‌ನ ವೇಗ ಇದರಿಂದ ಬದಲಾಗುತ್ತೆ. ಅಡಾಪ್ಟರ್ ಮೂಲಕ ಓಡುವ ಡಿಸಿ ಪಂಪ್‌ಗೆ ಆ ತೊಂದರೆ ಇಲ್ಲ.

ಮೀನಿಲ್ಲದ ಆರು ವಾರ

ಇದೇ ಇಡೀ ಕೆಲಸದ ಜೀವಾಳ. ಟ್ಯಾಂಕ್ ತುಂಬಿಸಿದ ದಿನವೇ ಮೀನು ಬಿಟ್ಟರೆ ಯಾಕೆ ಸಾಯುತ್ತೆ? ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ, ನೀರು ಬದಲಿಸಿ ತೆಗೆಯಬಹುದು. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರಲ್ಲ. ಅವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾದಂತೆ. ಅವಸರ ಮಾಡಿದರೆ ಮೊಸರೂ ಇಲ್ಲ, ಹಾಲೂ ಇಲ್ಲ.

ಕಲ್ಲು, ಮರಳು, ಉಪ್ಪು ನೀರು ಹಾಕಿ, ಪಂಪ್ ಚಾಲೂ ಮಾಡಿ, ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಬಾಟಲಿ ಸುರಿಯಿರಿ. ಅಕ್ವೇರಿಯಂಗೆಂದೇ ಮಾರುವ ಅಮೋನಿಯಾ ದ್ರಾವಣವನ್ನು ಕಿಟ್‌ನಲ್ಲಿ 2 ಪಿಪಿಎಂ ತೋರಿಸುವಷ್ಟು ಹಾಕಿ. ಸಿಗದಿದ್ದರೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿದರೂ ಅದು ಕೊಳೆತು ಅಮೋನಿಯಾ ಕೊಡುತ್ತೆ. ಎರಡು ಮೂರು ದಿನಕ್ಕೊಮ್ಮೆ ಅಳೆದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲು ಅಮೋನಿಯಾ ಏರಿ ಇಳಿಯುತ್ತೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತೆ, ಕೊನೆಗೆ ನೈಟ್ರೇಟ್ ಮಾತ್ರ ಉಳಿಯುತ್ತೆ. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಪೂರ್ತಿ ಮಾಯವಾಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ. ಒಮ್ಮೆ ಹೆಚ್ಚು ನೀರು ಬದಲಿಸಿ ನೈಟ್ರೇಟ್ ಇಳಿಸಿ, ಆಮೇಲೆ ಮೀನಿನ ಅಂಗಡಿಗೆ ಹೋಗಿ.

ಇದರ ನಡುವೆ ಕಲ್ಲಿನ ಮೇಲೆ ಕಂದು ಬಣ್ಣದ ಪುಡಿ, ಆಮೇಲೆ ಹಸಿರು ಪಾಚಿ ಬರುತ್ತೆ. ಹೆದರಬೇಡಿ. ಹೊಸ ಟ್ಯಾಂಕಿನ ಬಾಲ್ಯ ಅದು. ಮಕ್ಕಳಿಗೂ ಈ ಆರು ವಾರ ಒಳ್ಳೆಯ ಪಾಠ. ಟೆಸ್ಟ್ ಟ್ಯೂಬ್‌ನ ಬಣ್ಣ ನೋಡಿ ಸಂಖ್ಯೆ ಬರೆಯುವ ಕೆಲಸ ಅವರಿಗೇ ಕೊಡಿ.

ಯಾವ ಮೀನು, ಎಷ್ಟು ಮೀನು?

100 ಲೀಟರ್‌ಗೆ ಮೂರೋ ನಾಲ್ಕೋ ಸಣ್ಣ ಮೀನು, ಅಷ್ಟೇ. ಮೊದಲು ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್‌ಫಿಶ್. ಸಾಕಣೆ ಕೇಂದ್ರದಲ್ಲಿ ಹುಟ್ಟಿದವನ್ನೇ ಕೇಳಿ ತಗೊಳ್ಳಿ. ಅವು ಗಟ್ಟಿಮುಟ್ಟು, ಒಣ ಆಹಾರ ತಿನ್ನುತ್ತವೆ, ಸಮುದ್ರದಿಂದ ಒಂದು ಮೀನು ಕಡಿಮೆಯೂ ಆಗಲ್ಲ. ಫಿಲಿಪ್ಪೀನ್ಸ್ ಮುಂತಾದ ಕಡೆ ಸಯನೈಡ್ ಎರಚಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ದಶಕಗಳಿಂದ ಇದೆ. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿ ಕಂಡರೂ ಕೆಲವೇ ವಾರದಲ್ಲಿ ಸಾಯಬಹುದು. ಕ್ಲೌನ್‌ಫಿಶ್‌ನದ್ದು ಇನ್ನೊಂದು ವಿಚಿತ್ರ: ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತೆ. ಹಾಗಾಗಿ ಒಂದು ದೊಡ್ಡದು, ಒಂದು ಚಿಕ್ಕದು ತಂದರೆ ಜಗಳ ಕಡಿಮೆ. ಅವುಗಳಿಗೆ ಅನಿಮೋನ್ ಬೇಕೇ ಬೇಕು ಅನ್ನೋದು ಸಿನಿಮಾದಿಂದ ಬಂದ ನಂಬಿಕೆ. ಟ್ಯಾಂಕಿನಲ್ಲಿ ಅದಿಲ್ಲದೆಯೂ ಆರಾಮಾಗಿರುತ್ತವೆ.

ಅದೇ ಸಿನಿಮಾದ ನೀಲಿ ‘ಡೋರಿ’ಯನ್ನು ಮಾತ್ರ ತರಬೇಡಿ. ನೀಲಿ ಟ್ಯಾಂಗ್ ಒಂದು ಅಡಿವರೆಗೆ ಬೆಳೆಯುವ, ಉದ್ದಕ್ಕೆ ಈಜಬೇಕಾದ ಮೀನು. ಮ್ಯಾಂಡರಿನ್ ನೋಡಲು ರೇಷ್ಮೆ ಸೀರೆಯಂತಿರುತ್ತೆ, ಆದರೆ ಕಲ್ಲಿನ ಮೇಲಿನ ಸೂಕ್ಷ್ಮ ಜೀವಿಗಳನ್ನಷ್ಟೇ ಹುಡುಕಿ ತಿನ್ನುತ್ತೆ. ಹೊಸ ಟ್ಯಾಂಕಿನಲ್ಲಿ ಹಸಿವಿನಿಂದ ಸಾಯುತ್ತೆ. ಅಂಗಡಿಯಲ್ಲಿ ಮೀನು ಆಹಾರ ತಿನ್ನೋದನ್ನು ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಕೊಡಿ.

ಒಂದು ಜೋಡಿ ಬಿಟ್ಟ ಮೇಲೆ ಮೂರು ವಾರ ಕಾಯಿರಿ, ಆಮೇಲೆ ಇನ್ನೊಂದು. ಅನುಕೂಲ ಇದ್ದರೆ 30-40 ಲೀಟರ್‌ನ ಪ್ರತ್ಯೇಕ ಟ್ಯಾಂಕಿನಲ್ಲಿ ಹೊಸ ಮೀನನ್ನು ನಾಲ್ಕು ವಾರ ಇಟ್ಟು ನೋಡಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುವ ಪರೋಪಜೀವಿ ರೋಗ ಒಂದು ಮೀನಿನಿಂದ ಎಲ್ಲಕ್ಕೂ ಹರಡುತ್ತೆ. ಅದರ ತಾಮ್ರದ ಔಷಧಿಯನ್ನು ಆ ಪ್ರತ್ಯೇಕ ಟ್ಯಾಂಕಿನಲ್ಲಿ ಮಾತ್ರ ಹಾಕಬೇಕು. ಮುಖ್ಯ ಟ್ಯಾಂಕಿಗೆ ಹಾಕಿದರೆ ಪಾಚಿ ತಿನ್ನುವ ಶಂಖದ ಹುಳುಗಳೆಲ್ಲ ಸಾಯುತ್ತವೆ. ಅಂಗಡಿಯ ಚೀಲದ ನೀರನ್ನೂ ನಿಮ್ಮ ಟ್ಯಾಂಕಿಗೆ ಸುರಿಯಬೇಡಿ.

ತಿಂಗಳ ಖರ್ಚು ಎಷ್ಟು?

ಅಂಗಡಿ ಬೆಲೆ ಊರಿಂದೂರಿಗೆ ಬೇರೆ. ಆದರೆ ಬಳಕೆಯ ಲೆಕ್ಕ ಎಲ್ಲೆಡೆ ಒಂದೇ. ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ತಿಂಗಳಿಗೆ ಸುಮಾರು 43 ಲೀಟರ್, ಅಂದ್ರೆ ಒಂದೂವರೆ ಕಿಲೋ ಚಿಲ್ಲರೆ ಉಪ್ಪು. ಪಂಪ್‌ಗಳೆಲ್ಲ ಸೇರಿ 30 ವ್ಯಾಟ್, ಲೈಟ್ 60 ವ್ಯಾಟ್ ಎಂಟು ಗಂಟೆ ಅಂದ್ರೆ ದಿನಕ್ಕೆ ಸುಮಾರು 1.2 ಯೂನಿಟ್, ತಿಂಗಳಿಗೆ 36. ಬೇಸಿಗೆಯಲ್ಲಿ 200 ವ್ಯಾಟ್ ಚಿಲ್ಲರ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಇನ್ನೂ 72 ಯೂನಿಟ್. ನಿಮ್ಮ ಬಿಲ್‌ನ ದರದಿಂದ ಗುಣಿಸಿ ನೋಡಿ. ಮನೆಗೆ ಕಳಿಸುವ ದುಡ್ಡಿಗೆ ಕೈ ಹಾಕದೆ ಇದನ್ನು ನಡೆಸಬಹುದು ಅಂತ ಅನಿಸಿದರೆ ಮಾತ್ರ ಮುಂದುವರಿಯಿರಿ. ಟ್ಯಾಂಕ್, ಸ್ಟ್ಯಾಂಡ್ ಹಳೆಯದು ಸಿಕ್ಕರೆ ತಗೊಳ್ಳಿ, ಸೋರುತ್ತಾ ಅಂತ ಎರಡು ದಿನ ನೀರು ತುಂಬಿಸಿ ನೋಡಿ. ಹೀಟರ್ ಮಾತ್ರ ಹೊಸದೇ ಇರಲಿ.

ಊರಿಗೆ ಹೋಗುವಾಗ

ಎಸಿ ಆಫ್ ಮಾಡಿ, ಮೇನ್ ಸ್ವಿಚ್ ಇಳಿಸಿ ವಿಮಾನ ಹತ್ತುವ ಅಭ್ಯಾಸ ಇಲ್ಲಿ ನಡೆಯಲ್ಲ. ನಂಬಿಕಸ್ಥ ಗೆಳೆಯರೊಬ್ಬರಿಗೆ ಕೀಲಿ ಕೊಟ್ಟು, ಹೋಗುವ ಎರಡು ವಾರ ಮೊದಲೇ ಕರೆದು ತೋರಿಸಿ. ಆಹಾರವನ್ನು ಒಂದೊಂದು ದಿನದ್ದು ಒಂದೊಂದು ಪೊಟ್ಟಣ ಮಾಡಿ, ಡಬ್ಬಿಯನ್ನು ಬಚ್ಚಿಡಿ. ‘ಪಾಪ, ಹಸಿವಾಗಿದೆ’ ಅಂತ ಜಾಸ್ತಿ ಹಾಕುವ ಪ್ರೀತಿಯೇ ಮೀನನ್ನು ಕೊಲ್ಲುತ್ತೆ. ಒಂದೆರಡು ದಿನ ಉಪವಾಸ ಇದ್ದರೆ ಆರೋಗ್ಯವಂತ ಮೀನಿಗೆ ಏನೂ ಆಗಲ್ಲ, ನೀರು ಕೆಟ್ಟರೆ ಒಂದೇ ದಿನ ಸಾಕು. ಗೆರೆವರೆಗೆ ಸಿಹಿನೀರು, ತಾಪಮಾನ ನೋಡೋದು, ಪಂಪ್ ಓಡ್ತಿದೆಯಾ ಅಂತ ನೋಡೋದು, ಈ ಮೂರನ್ನು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಬರೆದು ಗಾಜಿಗೆ ಅಂಟಿಸಿ. ಕರೆಂಟು ಹೋದಾಗ ತಾನೇ ಶುರುವಾಗುವ ಬ್ಯಾಟರಿ ಗಾಳಿ ಪಂಪ್ ಒಂದು ಇದ್ದರೆ ಆ ಕೆಲವು ಗಂಟೆ ಮೀನಿನ ಉಸಿರು ಉಳಿಯುತ್ತೆ.

ಗಲ್ಫ್ ಬಿಡುವ ದಿನ ಬಂದರೆ

ಕೆಲಸ ಯಾವಾಗ ಹೋಗುತ್ತೆ, ಯಾವಾಗ ಎಕ್ಸಿಟ್ ಅಂತ ಹೇಳೋಕಾಗಲ್ಲ. ಕೊನೆ ವಾರದ ಗಡಿಬಿಡಿಯಲ್ಲಿ ಮೀನನ್ನು ಬಕೆಟ್‌ನಲ್ಲಿ ಒಯ್ದು ಕಡಲಿಗೆ ಬಿಟ್ಟು ಬರುವ ಯೋಚನೆ ಬೇಡವೇ ಬೇಡ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರೂ ಅದು ಅಪರಾಧದಷ್ಟೇ ಕೆಟ್ಟದ್ದು. ನಮ್ಮ ಕಡೆಯ ಸಮುದ್ರಗಳ ಲಯನ್‌ಫಿಶ್ 1980ರ ದಶಕದಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂನಿಂದ ಬಿಟ್ಟದ್ದೇ ಕಾರಣ ಅಂತಾರೆ ತಜ್ಞರು. ಇವತ್ತು ಅದು ಕೆರಿಬಿಯನ್ ತುಂಬಾ ಹರಡಿ ಅಲ್ಲಿನ ಮೀನುಗಳನ್ನು ತಿಂದು ಮುಗಿಸ್ತಾ ಇದೆ. ಮೀನು ಕೊಂಡ ಅಂಗಡಿಯಲ್ಲೇ ‘ಹೋಗುವಾಗ ವಾಪಸ್ ತಗೊಳ್ತೀರಾ?’ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲಾ ಟ್ಯಾಂಕ್ ಇರುವ ಇನ್ನೊಂದು ಮನೆ ಹುಡುಕಿ.

ಹವಳದ ತುಂಡು, ಲೈವ್ ರಾಕ್ ನೆನಪಿಗಾಗಿ ಸೂಟ್‌ಕೇಸ್‌ನಲ್ಲಿ ಹಾಕಬೇಡಿ. ಗಟ್ಟಿ ಹವಳಗಳು ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಇಲ್ಲಿನ ತೀರದಲ್ಲಿ ಹವಳ ಕೀಳೋದೂ ಕಾನೂನು ಪ್ರಕಾರ ತಪ್ಪು. ಹವಳ ನೋಡಲೇಬೇಕು ಅನಿಸಿದರೆ ಊರಿಗೆ ಹೋದಾಗ ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿಗೆ ಹೋಗಿ. ಅಲ್ಲಿ ಅವು ತಮ್ಮ ಮನೆಯಲ್ಲೇ ಇವೆ.

ಇಷ್ಟೆಲ್ಲಾ ಓದಿದ ಮೇಲೆ ‘ಅಯ್ಯೋ ಬೇಡಪ್ಪಾ’ ಅನಿಸಿದರೆ ಅದೂ ಒಳ್ಳೆಯ ನಿರ್ಧಾರವೇ, ದುಡ್ಡು ಉಳೀತು, ಜೀವಾನೂ ಉಳೀತು. ‘ಇಲ್ಲ, ಮಾಡೇ ಮಾಡ್ತೀನಿ’ ಅನ್ನುವವರು ಈ ವಾರ ಟ್ಯಾಂಕ್ ನೋಡೋಕೆ ಹೋಗಿ. ಮೀನು ನೋಡೋಕೆ ಹೋಗೋದು ಆರು ವಾರ ಆದ ಮೇಲೆ. ಮಗು ಅಲ್ಲಿವರೆಗೆ ದಿನಾ ಖಾಲಿ ಟ್ಯಾಂಕ್ ನೋಡಿ ‘ಯಾವಾಗ ಅಪ್ಪಾ?’ ಅಂತ ಕೇಳುತ್ತೆ. ‘ಮೀನಿಗೆ ಮನೆ ರೆಡಿ ಆಗ್ತಾ ಇದೆ ಮರೀ’ ಅಂತ ಹೇಳಿ, ಆ ದಿನದ ಟೆಸ್ಟ್ ಟ್ಯೂಬ್ ಕೈಗೆ ಕೊಡಿ.